ಅರಿಶಿನದ ಕೆಳಗಿನ ಅಕ್ಷರ: ಒಂದು ವೀರಗಲ್ಲಿನ ಪ್ರದರ್ಶನದ ಪ್ರಕರಣ ಅಧ್ಯಯನ

ನವೆಂಬರ್ ತಿಂಗಳ ಒಂದು ಗುರುವಾರ ಸಂಜೆ. ಸಮುದಾಯ ಭವನದ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಒಂದು ವೀರಗಲ್ಲಿನ ಚಿತ್ರ ಬಿದ್ದಿತ್ತು. ಬೂದು ಬಣ್ಣ, ಆಳೆತ್ತರಕ್ಕಿಂತ ದೊಡ್ಡದು. ನಮ್ಮ ತಂಡದ ಹುಡುಗ ಮೌಸ್ ಎಳೆದ ಹಾಗೆಲ್ಲ ಬೆಳಕು ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಅದರ ಜೊತೆಗೆ ಸಾವಿರ ವರ್ಷದ ಹಿಂದೆ ಕೊರೆದ ಅಕ್ಷರಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಮಾರನೆಯ ದಿನ ಪ್ರದರ್ಶನ ಶುರು. ಊರಿನ ಹದಿನೈದು ಜನರನ್ನು ಮೊದಲೇ ಕರೆದು ತೋರಿಸುತ್ತಿದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಲ್ಲಿಗೆ ದಿನಾ ಪೂಜೆ ಮಾಡುವ ಅಜ್ಜಿ ಮಾತ್ರ ಸುಮ್ಮನೆ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು: "ಇದು ನಮ್ಮ ವೀರಪ್ಪ ಅಲ್ಲ ಕಣಮ್ಮ. ಇದು ಬರೀ ಕಲ್ಲು."

ಆ ಒಂದು ಮಾತಿನಿಂದ ನಮ್ಮ ಪ್ರದರ್ಶನ ಒಂದೇ ರಾತ್ರಿಯಲ್ಲಿ ಬದಲಾಯಿತು. ಏನು ಬದಲಾಯಿತು, ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪರಂಪರೆಯ ಪ್ರದರ್ಶನಗಳಿಗೆ ಸ್ಕ್ಯಾನ್, ಟ್ಯಾಬ್, ಪ್ರೊಜೆಕ್ಟರ್ ತರುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವುದು ನನ್ನ ಆಸೆ.

ಕಲ್ಲು ಮತ್ತು ಊರು

ಊರು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದೆ. ಹೆಸರು ಹೇಳುತ್ತಿಲ್ಲ, ಕಾರಣ ಮುಂದೆ ಬರುತ್ತದೆ. ಮೂವತ್ತು ವರ್ಷದ ಹಿಂದೆ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ. ಹಳೇ ಊರು ನಾಲ್ಕು ಬೀದಿಯಷ್ಟು ಉಳಿದಿದೆ. ಬೇವಿನ ಮರದ ಕೆಳಗೆ ಒಂದು ಚಿಕ್ಕ ಗುಡಿ. ಒಳಗೆ ಸೊಂಟದೆತ್ತರದ ವೀರಗಲ್ಲು. ಗುಡಿಯೊಳಗೆ ಒಟ್ಟಿಗೆ ಮೂರು ಜನ ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲ.

ವೀರಗಲ್ಲು ನೋಡಿದವರಿಗೆ ಅದರ ಮೂರು ಅಂತಸ್ತು ಗೊತ್ತಿರುತ್ತದೆ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ. ನಮ್ಮ ಕಲ್ಲೂ ಹಾಗೇ ಇತ್ತು, ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಯಾವಾಗಲೋ ಒಬ್ಬರು ಭಕ್ತಿಯಿಂದ ಹಸಿರು ಎನಾಮಲ್ ಪೇಂಟ್ ಬಳಿದಿದ್ದರು. ಅದರ ಮೇಲೆ ಎಣ್ಣೆ, ಅರಿಶಿನ, ಕುಂಕುಮದ ಪದರ. ಜಗುಲಿ ಕಟ್ಟುವಾಗ ಸಿಮೆಂಟು ಕಲ್ಲಿನ ಬುಡವನ್ನು ನುಂಗಿಬಿಟ್ಟಿತ್ತು. ಅಲ್ಲಿ ಅಕ್ಷರ ಇದೆ ಅಂತಲೇ ಊರಿನ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಬೆಂಗಳೂರಿನ ಕಥೆ ಅಂದರೆ ಎಲ್ಲರೂ ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದ್ದರಿಂದ ಶುರು ಮಾಡುತ್ತಾರೆ. ಅದಕ್ಕೂ ಆರುನೂರು ವರ್ಷ ಮೊದಲೇ, 9ನೇ ಶತಮಾನದ ಕೊನೆಯ ಹೊತ್ತಿಗೆ, ಬೇಗೂರಿನ ಒಂದು ಕಲ್ಲಿನಲ್ಲಿ ಬೆಂಗಳೂರ ಕಾಳಗದ ಮಾತು ಬರುತ್ತದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಇನ್ನೂ ಹಳೆಯದು, ಸುಮಾರು 750ರದ್ದು. ಅದು ಬೆಳಕಿಗೆ ಬಂದದ್ದು 2018ರಲ್ಲಿ, ನೆಲ ಅಗೆಯುವಾಗ. ಅಂದರೆ ಈ ನಗರದ ಹಳೇ ಕಾಗದಪತ್ರ ಅಂತ ಏನಾದರೂ ಇದ್ದರೆ ಅದು ಹೀಗೆ ಚರಂಡಿ ಪಕ್ಕ, ಮರದ ಬುಡ, ಗುಡಿ ಮೂಲೆಗಳಲ್ಲೇ ಇದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಇಂಥ ಶಾಸನಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿಡುವ ದೊಡ್ಡ ಕೆಲಸ ಮಾಡುತ್ತಿದ್ದಾರೆ. ನಮಗೆ ಧೈರ್ಯ ಬಂದದ್ದೇ ಅವರ ಕೆಲಸ ನೋಡಿ.

ಊರಿನ ಯುವಕರ ಗುಂಪು ರಾಜ್ಯೋತ್ಸವಕ್ಕೆ ಏನಾದರೂ ಮಾಡಬೇಕು ಅಂತ ನನ್ನ ಹತ್ತಿರ ಬಂದಿತ್ತು. ಪ್ರದರ್ಶನ ಕಟ್ಟುವುದು ನನ್ನ ಕೆಲಸ. ಆರ್ಕೆಸ್ಟ್ರಾ ಬೇಡ, ನಮ್ಮ ಕಲ್ಲಿನಲ್ಲಿ ಏನು ಬರೆದಿದೆ ಅಂತ ನಮಗೆ ತೋರಿಸಿ ಅಂದರು. ಅಷ್ಟು ಚೆನ್ನಾದ ಬೇಡಿಕೆ ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ. ನಾವು ಮೂವರು ಸೇರಿದೆವು: ನಾನು, ಮೂರು ಆಯಾಮದ ಮಾದರಿ ಮಾಡುವ ಒಬ್ಬ ಇಂಜಿನಿಯರ್ ಹುಡುಗ, ಹಳಗನ್ನಡ ಓದುವ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು.

ಕಲ್ಲನ್ನು ಎತ್ತಿ ತರುವ ಮಾತೇ ಇರಲಿಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿರುವ ಆತಕೂರಿನ ಕಲ್ಲನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮದ್ದೂರಿನ ಹತ್ತಿರದ ಊರಿಂದ ಬಂದ ಕಲ್ಲದು. ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ 10ನೇ ಶತಮಾನದ ನಡುವೆ ನಿಲ್ಲಿಸಿದ್ದು. ಮ್ಯೂಸಿಯಂಗೆ ಬಂದರೆ ಕಲ್ಲಿಗೆ ಸೂರು, ಕಾವಲು ಎರಡೂ ಸಿಗುತ್ತದೆ. ಆದರೆ ನಮ್ಮ ಕಲ್ಲು ಇನ್ನೂ ದೇವರಾಗಿ ಬದುಕಿದೆ. ಅದನ್ನು ಅಲುಗಿಸದೆ ತೋರಿಸಬೇಕಿತ್ತು. ಡಿಜಿಟಲ್ ದಾರಿ ಹಿಡಿದದ್ದು ಇದಕ್ಕೇ, ಹೊಸತು ಅನ್ನುವ ಮೋಹಕ್ಕಲ್ಲ.

ಬೆಳಕನ್ನು ಸರಿಸುವ ಕೆಲಸ

ಹಳೇ ಪದ್ಧತಿಯಲ್ಲಿ ಶಾಸನದ ಅಚ್ಚು ತೆಗೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಕಾಗದ ಅಕ್ಷರದ ಗುಳಿಗೆ ಇಳಿದ ಮೇಲೆ ಮಸಿ ಒತ್ತುತ್ತಾರೆ. ಗುಳಿ ಬಿಳಿಯಾಗಿ ಉಳಿಯುತ್ತದೆ. ಅದ್ಭುತವಾದ ಪದ್ಧತಿ. ಆದರೆ ಪೂಜೆಯ ಕಲ್ಲಿಗೆ ಬಡಿಯುವುದು, ಮಸಿ ತರುವುದು ನಮಗೆ ಬೇಡವಾಗಿತ್ತು.

ಕಲ್ಲನ್ನು ನಾವು ಉಜ್ಜಲಿಲ್ಲ, ತೊಳೆಯಲಿಲ್ಲ. ಪ್ರತಿ ಅಮಾವಾಸ್ಯೆಗೆ ಅಜ್ಜಿಯೇ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ನಾವು ಆ ದಿನವೇ ಹೋಗಿ, ಕಲ್ಲು ಒಣಗುವ ತನಕ ಕಾದೆವು. ಆಮೇಲೆ ಎರಡು ರೀತಿ ಫೋಟೋ ತೆಗೆದೆವು.

ಮೊದಲನೆಯದು ಫೋಟೋಗ್ರಾಮೆಟ್ರಿ. ಕಲ್ಲಿನ ಸುತ್ತ, ಮೇಲೆ, ಕೆಳಗೆ ಹೋಗುತ್ತಾ ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಬರುವ ಹಾಗೆ ತೆಗೆಯುತ್ತಾ ಹೋಗಬೇಕು. ಎಲ್ಲ ಫೋಟೋಗಳಲ್ಲಿ ಒಂದೇ ಆಗಿರುವ ಚುಕ್ಕಿಗಳನ್ನು ತಂತ್ರಾಂಶ ಹುಡುಕಿ, ಅದರಿಂದ ಕಲ್ಲಿನ ಆಕಾರ ಕಟ್ಟುತ್ತದೆ. ಮೆಶ್‌ರೂಮ್, ಬ್ಲೆಂಡರ್, ಮೆಶ್‌ಲ್ಯಾಬ್ ಈ ಮೂರು ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ. ನಮ್ಮ ಕೆಲಸ ಪೂರ್ತಿ ಅದರಲ್ಲೇ ಆಯಿತು.

ಇಲ್ಲಿ ಒಂದು ಸಲ ಎಡವಿದೆವು. ಎಣ್ಣೆ ಹೀರಿದ ಕಲ್ಲು, ಮೇಲೆ ಎನಾಮಲ್ ಪೇಂಟ್, ಎರಡೂ ಹೊಳೆಯುತ್ತವೆ. ಕ್ಯಾಮೆರಾ ಸರಿದಂತೆ ಆ ಹೊಳಪೂ ಸರಿಯುತ್ತದೆ. ತಂತ್ರಾಂಶಕ್ಕೆ ಅದು ಕಲ್ಲಿನ ಮೇಲಿನ ಗುರುತೇ ಅನ್ನಿಸುತ್ತದೆ. ಮೊದಲ ಮಾದರಿಯಲ್ಲಿ ವೀರನ ಎದೆಯೇ ಗುಳ್ಳೆ ಎದ್ದ ಹಾಗಿತ್ತು. ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದೆವು. ಈ ಸಲ ದೀಪದ ಮುಂದೆ ಒಂದು ಪೋಲರೈಸಿಂಗ್ ಹಾಳೆ, ಲೆನ್ಸ್‌ಗೆ ಅದೇ ಬಗೆಯ ಫಿಲ್ಟರ್ ಹಾಕಿ, ಒಂದಕ್ಕೊಂದು ಅಡ್ಡಲಾಗುವ ಹಾಗೆ ತಿರುಗಿಸಿದೆವು. ಹೊಳಪು ಸತ್ತುಹೋಯಿತು. ಕಲ್ಲಿನ ಪಕ್ಕ ಅಳತೆ ಪಟ್ಟಿ ಇಡುವುದನ್ನೂ ಮರೆಯಬಾರದು. ಬರೀ ಫೋಟೋ ನೋಡಿ ತಂತ್ರಾಂಶಕ್ಕೆ ಇದು ಸೊಂಟದೆತ್ತರವೋ ಬೆರಳುದ್ದವೋ ತಿಳಿಯುವುದಿಲ್ಲ.

ಎರಡನೆಯದು ನನಗೆ ಜಾಸ್ತಿ ಇಷ್ಟವಾದ ಕೆಲಸ. ಕ್ಯಾಮೆರಾ ಒಂದೇ ಕಡೆ ನಿಲ್ಲಿಸಿ, ಬೆಳಕನ್ನು ಮಾತ್ರ ಸುತ್ತ ಸರಿಸುತ್ತಾ ಐವತ್ತು ಅರವತ್ತು ಫೋಟೋ ತೆಗೆಯುವುದು. ಕಲ್ಲಿನ ಪಕ್ಕ ಎರಡು ಹೊಳೆಯುವ ಕಪ್ಪು ಗೋಲಿ ಇಡುತ್ತೇವೆ. ಗೋಲಿಯ ಮೇಲೆ ಬೆಳಕಿನ ಚುಕ್ಕೆ ಎಲ್ಲಿ ಬಿದ್ದಿದೆ ಅನ್ನುವುದರಿಂದ ದೀಪ ಯಾವ ದಿಕ್ಕಿನಲ್ಲಿತ್ತು ಅಂತ ತಂತ್ರಾಂಶ ಲೆಕ್ಕ ಹಾಕುತ್ತದೆ. ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಹಾಯಿಸಬಹುದು. ಇದಕ್ಕೆ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್) ಅನ್ನುತ್ತಾರೆ. ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ, ಅದೇ ಹೆಸರಿನ ಫೋಟೋ ವಿಧಾನ. ರಾತ್ರಿ ಗುಡಿಗೆ ಕಪ್ಪು ಟಾರ್ಪಾಲಿನ್ ಕಟ್ಟಿ, ಒಬ್ಬ ಹುಡುಗ ದಾರ ಹಿಡಿದು ದೀಪದ ದೂರ ಒಂದೇ ಇರುವ ಹಾಗೆ ನೋಡಿಕೊಂಡ. ಬೀದಿಯವರೆಲ್ಲ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಕಾಫಿ ಬಂತು, ಚಕ್ಕುಲಿ ಬಂತು. ನಿಜ ಹೇಳಬೇಕೆಂದರೆ ಪ್ರದರ್ಶನ ಅವತ್ತೇ ಶುರುವಾಗಿತ್ತು.

ಮೇಷ್ಟ್ರ ಓದು

ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಮೇಷ್ಟ್ರು ಅದರಲ್ಲಿ ನಮ್ಮ ಕಲ್ಲನ್ನು ಹುಡುಕಿ ತೆಗೆದರು. ಈಗ ಸಿಮೆಂಟಿನೊಳಗೆ ಹೋಗಿರುವ ಕೊನೆಯ ಎರಡು ಸಾಲು ಪುಸ್ತಕದಲ್ಲಿ ಇದ್ದವು! ಇನ್ನೊಂದು ಕಡೆ ಪುಸ್ತಕದಲ್ಲಿ ಅಕ್ಷರ ಸಿಗದೆ ಚುಕ್ಕಿ ಇಟ್ಟಿದ್ದ ಜಾಗದಲ್ಲಿ ನಮ್ಮ ಮಾದರಿಯಲ್ಲಿ ಏನೋ ಕಾಣುತ್ತಿತ್ತು. ನೂರಿಪ್ಪತ್ತು ವರ್ಷದ ಹಳೇ ಓದು ಮತ್ತು ಹೊಸ ಸ್ಕ್ಯಾನ್, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇತ್ತು.

ಆ ಚುಕ್ಕಿಯ ಜಾಗದ ಬಗ್ಗೆ ನಾವು ಒಂದು ವಾರ ಮಾತಾಡಿದ್ದೇವೆ. ಎಡದಿಂದ ಬೆಳಕು ಹಾಯಿಸಿದರೆ ಒಂದು ಅಕ್ಷರ ಅನ್ನಿಸುತ್ತದೆ. ಮೇಲಿಂದ ಹಾಯಿಸಿದರೆ ಕಲ್ಲಿನ ಬಿರುಕು ಅನ್ನಿಸುತ್ತದೆ. ಹುಡುಗನಿಗೆ ಖಾತ್ರಿ ಇತ್ತು. ಮೇಷ್ಟ್ರು ಒಪ್ಪಲಿಲ್ಲ. "ಬೆಳಕು ಹೇಳಿದ ಹಾಗೆಲ್ಲ ಓದೋಕಾಗಲ್ಲ ಮಗ. ನಾಲ್ಕು ಕಡೆಯಿಂದ ನೋಡಿದರೂ ಅದೇ ಅಕ್ಷರ ಅನ್ನಿಸಬೇಕು" ಅಂದರು. ಕೊನೆಗೆ ಚುಕ್ಕಿಯನ್ನು ಚುಕ್ಕಿಯಾಗಿಯೇ ಬಿಟ್ಟೆವು. ಆದರೆ ಆ ಜಾಗವನ್ನು ಟ್ಯಾಬ್‌ನಲ್ಲಿ ದೊಡ್ಡದಾಗಿ ಇಟ್ಟು, ನೋಡುವವರೇ ಬೆಳಕು ಸರಿಸಿ ನೋಡಲಿ ಅಂತ ಮಾಡಿದೆವು. ಬರಹದ ಫಲಕದಲ್ಲಿ ಸ್ಕ್ಯಾನ್‌ನಿಂದ ಓದಿದ್ದು ಕಪ್ಪು, 1905ರ ಪುಸ್ತಕದಿಂದ ತೆಗೆದುಕೊಂಡದ್ದು ಕೆಂಪು. ಯಾವುದನ್ನು ಕಣ್ಣಾರೆ ಕಂಡಿದ್ದೇವೆ, ಯಾವುದನ್ನು ಬೇರೆಯವರ ಮಾತಿನ ಮೇಲೆ ನಂಬಿದ್ದೇವೆ ಅನ್ನುವುದು ನೋಡುವವರಿಗೆ ಗೊತ್ತಾಗಬೇಕು ಅಲ್ವಾ?

ಫಲಕದ ಅಚ್ಚಿನಲ್ಲೂ ಒಂದು ಪಾಡು. ಶಾಸನದ ಮುಖ್ಯ ಮಾತು "ತುಱುವಂ ಮಗುೞ್ಚಿ ಸತ್ತಂ" ಅಂತ. ಅಂದರೆ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ತಿರುಗಿಸಿ ತಂದು ಸತ್ತ. ಎಷ್ಟೋ ವೀರಗಲ್ಲುಗಳಲ್ಲಿ ಬರುವ ಮಾತು ಇದು. ಮೂರೇ ಪದದಲ್ಲಿ ನಾವು ಬಿಟ್ಟುಕೊಟ್ಟ ಎರಡು ಅಕ್ಷರಗಳಿವೆ, ಱ ಮತ್ತು ೞ. ಅಚ್ಚು ಹಾಕುವ ಅಂಗಡಿಯ ಫಾಂಟ್‌ನಲ್ಲಿ ಆ ಎರಡೂ ಕಡೆ ಖಾಲಿ ಚೌಕ ಬಂತು. ಕಂಪ್ಯೂಟರ್‌ಗಳಲ್ಲಿ ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡೂ ಇವೆ. ಆದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ಕನ್ನಡದ 'ಫ' ಅಂತ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಅನ್ನುವುದು ಅಲ್ಲಿನ ನಿಯಮ, ಹಾಗಾಗಿ ಆಮೇಲೆ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಈ ಅಕ್ಷರಗಳಿರುವ ಫಾಂಟ್ ಹುಡುಕಿ, ಪಿಡಿಎಫ್ ಒಳಗೇ ಸೇರಿಸಿ ಕೊಟ್ಟ ಮೇಲೆ ಫಲಕ ಸರಿಯಾಯಿತು.

ಧ್ವನಿಯೂ ಅಷ್ಟೇ. ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಕೊಟ್ಟೆವು, ಅದು ಆ ಅಕ್ಷರ ಬಂದ ಕಡೆಯೆಲ್ಲ ನುಂಗಿಬಿಟ್ಟಿತು. ಮೇಷ್ಟ್ರೇ ಓದಿದರು. ಊರಿನ ಶಾಲೆಯ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಅರ್ಥವನ್ನು ಇವತ್ತಿನ ಕನ್ನಡದಲ್ಲಿ ಹೇಳಿದಳು. ಆ ಎರಡು ದನಿ ಒಂದರ ಹಿಂದೊಂದು ಕೇಳಿದಾಗ ನನಗೆ ಮೈ ಜುಮ್ಮೆಂದಿತು.

"ಇದು ಬರೀ ಕಲ್ಲು"

ಈಗ ಆ ಗುರುವಾರದ ಸಂಜೆಗೆ ಬರುತ್ತೇನೆ.

ಮೂರು ಆಯಾಮದ ಮಾದರಿಯಲ್ಲಿ ಎರಡು ಭಾಗ ಇರುತ್ತದೆ. ಒಂದು ಆಕಾರ, ಅದಕ್ಕೆ ಮೆಶ್ ಅನ್ನುತ್ತಾರೆ. ಇನ್ನೊಂದು ಅದರ ಮೇಲೆ ಹೊದಿಸಿದ ಬಣ್ಣ, ಅಂದರೆ ಟೆಕ್ಸ್ಚರ್. ಬಣ್ಣ ತೆಗೆದು ಆಕಾರ ಮಾತ್ರ ಉಳಿಸಿದರೆ ಪೇಂಟು, ಅರಿಶಿನ, ಎಣ್ಣೆ ಕಲೆ ಎಲ್ಲ ಮಾಯ. ಕಣ್ಣಿಗೆ ಗೊಂದಲ ಮಾಡುತ್ತಿದ್ದದ್ದು ಹೋಗಿ ಅಕ್ಷರ ನಿಚ್ಚಳವಾಗುತ್ತದೆ. ಶಾಸನ ಓದುವವರಿಗೆ ಇದು ವರ. ನಾವೂ ಯೋಚನೆಯೇ ಮಾಡದೆ ಗೋಡೆಯ ಮೇಲೆ ಹಾಗೇ ತೋರಿಸಿದ್ದೆವು. ಅದೇ ಚೆನ್ನಾಗಿ ಕಾಣುತ್ತಿತ್ತು.

ಅಜ್ಜಿಯ ಮಾತಿಗೆ ಹುಡುಗ ಉತ್ತರ ಕೊಡಲು ಹೋದ. "ಅಜ್ಜಿ, ಬಣ್ಣ ತೆಗೆದಿದ್ದೀವಿ ಅಷ್ಟೇ, ಕಲ್ಲು ಅದೇ."

"ಅದೇ ಹೇಳಿದ್ದು ಮಗ ನಾನು. ನಮ್ಮತ್ತೆ ಹಚ್ಚಿದ ಅರಿಶಿನ, ಅವರತ್ತೆ ಹಚ್ಚಿದ್ದು, ಎಲ್ಲಾ ತೆಗೆದುಬಿಟ್ಟು ಅದೇ ಅಂದರೆ ಹೆಂಗೆ?"

ಯಾರೂ ಮಾತಾಡಲಿಲ್ಲ. ಜನ ಹೋದ ಮೇಲೆ ನಾವು ಮೂವರು ಜಮಖಾನದ ಮೇಲೆ ಕೂತೆವು. ಜಗಳವಲ್ಲ, ಆದರೆ ಬಿಸಿ ಚರ್ಚೆ. ನಾನು ಮೊದಲು ಅಕ್ಷರದ ಪರವಾಗಿದ್ದೆ. ಬರಹ ತೋರಿಸಿ ಅಂತ ತಾನೇ ಊರಿನವರು ಕೇಳಿದ್ದು? ಅರಿಶಿನ ಹಾಕಿ ತೋರಿಸಿದರೆ ಗುಡಿಯಲ್ಲಿ ಕಾಣದ್ದು ಇಲ್ಲೂ ಕಾಣುವುದಿಲ್ಲ. ಹಾಗಾದರೆ ಇಷ್ಟೆಲ್ಲ ಕೆಲಸ ಯಾಕೆ?

ಮೇಷ್ಟ್ರು ನನ್ನ ಪರ ಇರುತ್ತಾರೆ ಅಂದುಕೊಂಡಿದ್ದೆ. ಅವರು ಆತಕೂರಿನ ಕಲ್ಲಿನ ವಿಷಯ ತೆಗೆದರು. ಆ ಶಾಸನದಲ್ಲಿ ಒಂದು ಮಾತಿದೆ. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಅಂತ. "ಪೂಜೆ ಮಾಡಿ ಅಂತ ಕಲ್ಲೇ ಕೇಳುತ್ತಿದೆಯಲ್ಲಮ್ಮ. ಅಜ್ಜಿ ಮಾಡುತ್ತಿರುವುದು ಅದನ್ನೇ. ಅಕ್ಷರದಲ್ಲಿ ಬರೆದದ್ದನ್ನು ಅವರು ಕೈಯಲ್ಲಿ ಮಾಡುತ್ತಿದ್ದಾರೆ. ಅರಿಶಿನ ಅಂದರೆ ಕೊಳೆ ಅಂತ ಹೇಗೆ ತೆಗೆಯುತ್ತೀರಿ?"

ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅವತ್ತು ನನಗೆ ಒಂದು ವಿಷಯ ಮನಸ್ಸಿಗೆ ನಾಟಿತು. ಯಾವ ಕಲ್ಲಿನ ಬಗ್ಗೆ ಏನು ಹೇಳಬೇಕು ಅಂತ ನಾನು ತೀರ್ಮಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ತೀರ್ಮಾನ ಮಾಡಿದ್ದು ತಂತ್ರಾಂಶದ ಒಂದು ಬಟನ್. ಅದು ಆಕಾರವನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟಿತು. ನಾನು ಅದನ್ನು ಕೇಳದೆ ಒಪ್ಪಿಕೊಂಡೆ. ಪ್ರತಿ ಸಾಧನವೂ ಏನನ್ನೋ ಬಿಟ್ಟುಬಿಡುತ್ತದೆ. ಬಿಟ್ಟದ್ದು ಏನು, ಯಾರದು ಅಂತ ನೋಡುವುದು ಪ್ರದರ್ಶನ ಕಟ್ಟುವವರ ಕೆಲಸ. ಆ ಕೆಲಸವನ್ನು ನಾನು ಮಾಡಿರಲಿಲ್ಲ.

ರಾತ್ರಿ ಎರಡು ಗಂಟೆವರೆಗೆ ಕೂತು ಹುಡುಗ ಟ್ಯಾಬ್‌ನ ಮಾದರಿಯನ್ನು ಬದಲಿಸಿದ. ಈಗ ತೆರೆದ ಕೂಡಲೇ ಕಾಣುವುದು ಅಜ್ಜಿಯ ವೀರಪ್ಪ. ಹಸಿರು ಪೇಂಟು, ಅರಿಶಿನ, ಹಣೆಯ ಕುಂಕುಮ, ಅವತ್ತಿನ ಕಣಗಿಲೆ ಹೂವು ಸಮೇತ. ಕೆಳಗೆ ಒಂದು ಪಟ್ಟಿ. ಅದರ ಮೇಲೆ ಬೆರಳಿಟ್ಟು ಎಳೆದರೆ ಬಣ್ಣ ಮೆಲ್ಲಗೆ ಕರಗಿ ಅಕ್ಷರ ಎದ್ದು ಬರುತ್ತದೆ. ಬೆರಳು ತೆಗೆದರೆ ಬಣ್ಣ ತಾನಾಗಿ ವಾಪಸ್ ಬರುತ್ತದೆ. ವಾಪಸ್ ಬರುವುದು ಮುಖ್ಯ. ಅಕ್ಷರ ನೋಡಲು ಯಾರಾದರೂ ಕೈಯಿಟ್ಟು ಹಿಡಿದಿರಬೇಕು, ಬಿಟ್ಟರೆ ಕಲ್ಲು ತನ್ನ ದಿನದ ರೂಪಕ್ಕೆ ಹೋಗುತ್ತದೆ. ಗೋಡೆಯ ಪ್ರೊಜೆಕ್ಷನ್‌ನಲ್ಲೂ ಹಾಗೇ ಮಾಡಿದೆವು.

ಶುಕ್ರವಾರ ಬೆಳಿಗ್ಗೆ ಅಜ್ಜಿಯನ್ನು ಕರೆದು ಮೊದಲು ಅವರ ಕೈಗೇ ಟ್ಯಾಬ್ ಕೊಟ್ಟೆವು. ಪಟ್ಟಿಯನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. "ಒಳಗೆ ಇಷ್ಟೊಂದು ಬರೆದಿದ್ದಾರಾ!" ಅಂದರು. ಆಮೇಲೆ ತಮ್ಮ ಮೊಮ್ಮಗಳಿಗೆ, ಅವಳ ಗೆಳತಿಯರಿಗೆ ಅವರೇ ತೋರಿಸಿದರು. ಮೂರು ದಿನವೂ ಆ ಟ್ಯಾಬ್ ಹತ್ತಿರ ಕೂತಿದ್ದು ಅವರೇ.

ಮೂರು ದಿನ

ಹೇಳಲೇಬೇಕಾದ ಒಂದು ತಾಂತ್ರಿಕ ಮಾತಿದೆ. ಟ್ಯಾಬ್‌ನಲ್ಲಿ ಕೋಟಿಗಟ್ಟಲೆ ತ್ರಿಕೋನಗಳಿರುವ ಮೂಲ ಮಾದರಿ ಓಡುವುದಿಲ್ಲ, ಅದನ್ನು ತೆಳು ಮಾಡಬೇಕು. ತೆಳು ಮಾಡಿದರೆ ಕೆಲವೇ ಮಿಲಿಮೀಟರ್ ಆಳದ ಅಕ್ಷರಗಳು ಮೊದಲು ಮಾಯವಾಗುತ್ತವೆ. ಅದಕ್ಕೆ ಮೂಲದ ಏರುತಗ್ಗನ್ನು ಒಂದು ಚಿತ್ರವಾಗಿ ಉಳಿಸಿ, ತೆಳು ಮಾದರಿಯ ಮೇಲೆ ಹೊದಿಸುತ್ತಾರೆ. ಅಂದರೆ ಟ್ಯಾಬ್‌ನಲ್ಲಿ ಕಾಣುವ ಅಕ್ಷರದ ಆಳ ನಿಜವಾದ ಆಳವಲ್ಲ, ನೆರಳಿನ ಲೆಕ್ಕ. ಇದನ್ನು ನಾವು ಫಲಕದ ಮೇಲೆ ಬರೆದಿದ್ದೆವು. ಕೈಯಲ್ಲಿ ಮುಟ್ಟುವ ಮೂರು ಆಯಾಮದ ಪ್ರಿಂಟ್‌ಗೆ ಮಾತ್ರ ಮೂಲ ಮಾದರಿಯನ್ನೇ ಬಳಸಿದೆವು.

ಆ ಪ್ರಿಂಟ್ ಕಲ್ಲಿನ ಅಷ್ಟೇ ಎತ್ತರದ್ದು, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತುಂಡು ತುಂಡಾಗಿ ಮಾಡಿಸಿ ಅಂಟಿಸಿದ್ದು. ಪ್ರದರ್ಶನದಲ್ಲಿ 'ಮುಟ್ಟಬೇಡಿ' ಅನ್ನುವ ಬೋರ್ಡ್ ಇಲ್ಲದ ವಸ್ತು ಅದೊಂದೇ. ಕಣ್ಣು ಕಾಣದವರಿಗೆ ಅಂತ ಮಾಡಿಸಿದ್ದು, ಎಲ್ಲರೂ ಮುಟ್ಟಿದರು. ಮುಟ್ಟಿದ್ದರಿಂದ ನಮ್ಮ ಒಂದು ತಪ್ಪು ಹೊರಬಂತು. ಕೆಳಗಿನ ಅಂತಸ್ತಿನ ಮೂಲೆಯಲ್ಲಿ ವೀರನ ಹಿಂದೆ ಬಾಗಿದ ಗೆರೆಗಳಿದ್ದವು. ನಾವು ಫಲಕದಲ್ಲಿ 'ಗಿಡಗಳು' ಅಂತ ಬರೆದಿದ್ದೆವು. ಶನಿವಾರ ಮಧ್ಯಾಹ್ನ ಊರಿನ ಒಬ್ಬ ಹಿರಿಯರು ಬಂದರು. ಅಪಾರ್ಟ್‌ಮೆಂಟ್‌ಗಳ ನಡುವೆಯೂ ಇನ್ನೂ ಎರಡು ಜೊತೆ ಹಳ್ಳಿಕಾರ್ ಎತ್ತು ಸಾಕಿಕೊಂಡಿರುವವರು. ಆ ಮೂಲೆಯ ಮೇಲೆ ಬೆರಳಾಡಿಸಿ, ಗೆರೆ ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಜಾಗದಲ್ಲಿ ನಿಲ್ಲಿಸಿದರು.

"ಯಾರ್ ಹೇಳಿದ್ದು ಗಿಡ ಅಂತ? ಇದು ಕೊಂಬು. ಇಲ್ಲಿ ನೋಡಿ, ಮೂರು ರಾಸು ನಿಂತಿವೆ."

ಮೆಶ್ ಮೇಲೆ ಪಕ್ಕದಿಂದ ಬೆಳಕು ಹಾಕಿ ನೋಡಿದೆವು. ಹೌದು, ಕೊಂಬೇ. ಕೆಳಗೆ ಮುಖದ ಅಂಚೂ ಇದೆ. ದನ ತಿರುಗಿಸಿ ಸತ್ತ ಅಂತ ಬರೆದ ಕಲ್ಲಿನಲ್ಲಿ ದನ ಎಲ್ಲಿ ಅಂತ ನಾವು ಹುಡುಕಲೇ ಇಲ್ಲ! ಯಾವ ತಳಿಯ ಕೊಂಬು ಅಂತ ಕಲ್ಲಿನಿಂದ ಹೇಳಲಾಗದು, ಆದರೆ ರಾಸುಗಳಂತೂ ಖಂಡಿತ. ಫಲಕದ ಮೇಲೆ 'ಗಿಡಗಳು' ಅನ್ನುವುದಕ್ಕೆ ಪೆನ್ನಿನಲ್ಲಿ ಗೆರೆ ಎಳೆದು 'ಮೂರು ದನಗಳು' ಅಂತ ಬರೆದೆವು. ಹೊಸದಾಗಿ ಅಚ್ಚು ಹಾಕಿಸಲಿಲ್ಲ. ತಿದ್ದಿದ್ದು ಕಾಣಲಿ ಅಂತ ಹಾಗೇ ಬಿಟ್ಟೆವು.

ಕ್ಯೂಆರ್ ಕೋಡ್‌ಗಳು ಕೈಕೊಟ್ಟವು. ಪ್ರತಿ ಫಲಕಕ್ಕೂ ಒಂದೊಂದು ಅಂಟಿಸಿದ್ದೆವು. ಹರೆಯದವರು ಕೋಡ್ ಸ್ಕ್ಯಾನ್ ಮಾಡಿ ಫೋನ್ ನೋಡುತ್ತಾ ನಿಂತರು, ಮುಂದಿದ್ದ ವಸ್ತುವನ್ನು ನೋಡಲಿಲ್ಲ. ಹಿರಿಯರು ಅದರ ಹತ್ತಿರವೇ ಬರಲಿಲ್ಲ. ಶನಿವಾರ ಬೆಳಿಗ್ಗೆ ಎಲ್ಲ ಕಿತ್ತು ಹಾಕಿ ಬಾಗಿಲ ಹತ್ತಿರ ಒಂದೇ ಒಂದು ಉಳಿಸಿದೆವು. ಮನೆಗೆ ಹೋಗಿ ಕೇಳಲು ಧ್ವನಿ, ಅಷ್ಟೇ.

ಶನಿವಾರ ಸಂಜೆ ಮಳೆ, ಏಳು ಗಂಟೆಗೆ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು. ನಾನು ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಇಬ್ಬರು ಹುಡುಗರು ಫೋನಿನ ಟಾರ್ಚ್ ಹಾಕಿ ಪ್ರಿಂಟ್‌ನ ಪಕ್ಕಕ್ಕೆ ಒರಗಿಸಿ ಹಿಡಿದರು. ಬೂದು ಪ್ರಿಂಟಿನ ಮೇಲೆ ಉದ್ದ ನೆರಳು ಬಿದ್ದು ಒಂದು ಇಡೀ ಸಾಲು ಎದ್ದು ನಿಂತಿತು. ಕತ್ತಲಲ್ಲಿ ಮೂವತ್ತು ಜನ ಅದರ ಸುತ್ತ ಸೇರಿದರು. ಮೇಷ್ಟ್ರು ಓದುತ್ತಾ ಹೋದರು, ಹುಡುಗರು ಅವರ ಬೆರಳಿನ ಹಿಂದೆ ಟಾರ್ಚ್ ಸರಿಸುತ್ತಾ ಹೋದರು. ಕಂಪ್ಯೂಟರ್‌ನಲ್ಲಿ ನಾವು ಮಾಡಿದ್ದ ಬೆಳಕಿನ ಕೆಲಸವನ್ನೇ ಅವರು ಕೈಯಲ್ಲಿ ಮಾಡುತ್ತಿದ್ದರು. ಅಂಥ ಓದು ಪ್ರೊಜೆಕ್ಟರ್ ಮುಂದೆ ಒಮ್ಮೆಯೂ ಆಗಿರಲಿಲ್ಲ. ಭಾನುವಾರ ಆ ಮೂಲೆಯ ಟ್ಯೂಬ್‌ಲೈಟ್ ತೆಗೆಸಿ, ಪ್ರಿಂಟ್ ಪಕ್ಕ ದಾರದಲ್ಲಿ ಒಂದು ಟಾರ್ಚ್ ಕಟ್ಟಿದೆವು. ಬಂದವರೆಲ್ಲ ಮೊದಲು ಅಲ್ಲಿಗೇ ಹೋದರು. ಟಾರ್ಚ್ ಹಿಡಿಯುವುದು ಕಲಿತವರು ಆಮೇಲೆ ಗುಡಿಗೂ ಹೋಗಿ, ಅಜ್ಜಿಯನ್ನು ಕೇಳಿ, ನಿಜವಾದ ಕಲ್ಲಿನ ಮೇಲೂ ಬೆಳಕು ಹಿಡಿದು ನೋಡಿಬಂದರು.

ಮಾಡದೆ ಬಿಟ್ಟದ್ದು

ವೀರನ ಮುಖ ಸವೆದುಹೋಗಿದೆ. ಎಐ ತಂತ್ರಾಂಶಕ್ಕೆ ಕೊಟ್ಟರೆ ಮುಖ ಬರೆದುಕೊಡುತ್ತದೆ, ಪೋಸ್ಟರ್‌ಗೆ ಚೆನ್ನಾಗಿರುತ್ತದೆ ಅಂತ ಗುಂಪಿನ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಅದು ಎಲ್ಲೋ ನೋಡಿದ ಮೀಸೆ, ಎಲ್ಲೋ ನೋಡಿದ ಕವಚ ತಂದು ಕೂರಿಸುತ್ತದೆ. ಊರಿನ ಮಕ್ಕಳ ಮನಸ್ಸಿನಲ್ಲಿ ಆಮೇಲೆ ಉಳಿಯುವುದು ಆ ಮುಖವೇ. ಪೋಸ್ಟರ್ ಮೇಲೆ ಸವೆದ ಮುಖವೇ ಹೋಯಿತು.

ಊರಿನ ಹೆಸರು ಬರೆಯದ ಕಾರಣವೂ ಡಿಜಿಟಲ್ ಕೆಲಸದ್ದೇ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತು ಕೂತಿರುತ್ತದೆ. ವೀರಗಲ್ಲಿನ ಕೆಳಗೆ ನಿಧಿ ಇದೆ ಅಂತ ನಂಬಿ ಅಗೆಯುವವರು ಇವತ್ತಿಗೂ ಇದ್ದಾರೆ. ಈ ಗುಡಿಗೆ ರಾತ್ರಿ ಕಾವಲಿಲ್ಲ. ಹೊರಗೆ ಹೋದ ಪ್ರತಿ ಫೋಟೋದಿಂದ ಜಾಗದ ಗುರುತು ತೆಗೆದೆವು. ಶಾಸನಗಳ ನಕ್ಷೆ ಎಲ್ಲರಿಗೂ ಸಿಗಬೇಕು ಅನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ. ಗೊತ್ತಿಲ್ಲದ ಕಲ್ಲು ರಸ್ತೆ ಅಗಲ ಮಾಡುವಾಗ ಸುಲಭವಾಗಿ ಹಾಳಾಗುತ್ತದೆ. ಆದರೆ ಇಲ್ಲಿ ತೀರ್ಮಾನ ಊರಿನವರದು. ಅವರು ಸದ್ಯಕ್ಕೆ ಬೇಡ ಅಂದರು.

ಫೈಲುಗಳ ಒಡೆತನದ ಬಗ್ಗೆ ಶುರುವಿನಲ್ಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಬರೆದುಕೊಂಡಿದ್ದೆವು. ಮೂಲ ಫೋಟೋ, ಮಾದರಿ ಎಲ್ಲದರ ಒಂದು ಪ್ರತಿ ಗುಡಿಯ ಸಮಿತಿ ಹತ್ತಿರ, ಒಂದು ಶಾಲೆಯ ಹತ್ತಿರ, ಒಂದು ನಮ್ಮ ಹತ್ತಿರ. ಯಾರೇ ಬೇರೆ ಕಡೆ ಬಳಸಬೇಕಾದರೂ ಸಮಿತಿಯನ್ನು ಕೇಳಬೇಕು. ಪೆನ್‌ಡ್ರೈವ್ ಹಾಳಾಗಬಹುದು, ಅದಕ್ಕೆ ವರ್ಷಕ್ಕೊಮ್ಮೆ ತೆರೆದು ನೋಡಿ ಹೊಸದಕ್ಕೆ ಹಾಕಬೇಕು ಅಂತಲೂ ಬರೆದಿದೆ.

ಪ್ರಿಂಟ್ ಈಗ ಶಾಲೆಯಲ್ಲಿದೆ, ಟಾರ್ಚ್ ಸಮೇತ. ಭಾನುವಾರ ರಾತ್ರಿ ಸಾಮಾನು ಕಟ್ಟುವಾಗ ಊರಿನವರೇ ಒಂದು ಮಾತು ತೆಗೆದರು. ಫಲಕದಲ್ಲಿ ಕೆಂಪು ಬಣ್ಣದಲ್ಲಿ ತೋರಿಸಿದ ಆ ಎರಡು ಸಾಲು ಸಿಮೆಂಟಿನೊಳಗೆ ಇನ್ನೂ ಹಾಗೇ ಇರಬಹುದಲ್ವಾ, ತೆಗೆಸಿದರೆ ಏನು ಅಂತ. ಕೈಗೆ ಸಿಕ್ಕ ಸುತ್ತಿಗೆಯಲ್ಲಿ ಒಡೆಯಬೇಡಿ, ಕಲ್ಲು ಸೀಳುತ್ತದೆ, ಇಂಥ ಕೆಲಸ ಗೊತ್ತಿರುವವರು ಬಂದು ನೋಡಲಿ ಅಂತ ಕೈಮುಗಿದು ಕೇಳಿಕೊಂಡೆವು. ಒಪ್ಪಿದ್ದಾರೆ. ದಿನ ಗೊತ್ತು ಮಾಡುವುದು ಅಜ್ಜಿ, ಯುಗಾದಿ ಕಳೆಯಲಿ ಅಂದಿದ್ದಾರೆ. ಹುಡುಗ ಚೀಲ ಈಗಲೇ ಸಿದ್ಧ ಮಾಡಿಟ್ಟಿದ್ದಾನೆ: ಪೋಲರೈಸಿಂಗ್ ಹಾಳೆ, ಅಳತೆ ಪಟ್ಟಿ, ದಾರ, ಎರಡು ಕಪ್ಪು ಗೋಲಿ.